ಸೂರ್ಯನ ಪಾತ್ರೆಗೆ ಕಲಾಯಿ

ಎಣ್ಣೆಯಲ್ಲಿ ಮುಳುಗಿಸಿಟ್ಟಿದ್ದ ಲಿಥಿಯಂ ಗಟ್ಟಿಯನ್ನು ಮೊನ್ನೆ ಪ್ರಯೋಗಾಲಯದಲ್ಲಿ ಕೊಯ್ದೆ. ಚಾಕುವಿಗೆ ಬಗ್ಗುವಷ್ಟು ಮೆತ್ತನೆಯ ಲೋಹ ಅದು. ಕೊಯ್ದ ಮೈ ಬೆಳ್ಳಗೆ ಫಳಫಳ ಹೊಳೆಯಿತು. ಬೆಟಗೇರಿಯ ನಮ್ಮ ಓಣಿಯ ಕಲಾಯಿ ಚಾಚಾ ನೆನಪಾದರು...

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಊರ ತುಂಬ ಹೊಸ ಬೋರ್ಡು, ಹೊಸ ಗತ್ತು. ಚಾಚಾ ಮಾತ್ರ ಬೇವಿನ ಮರದಡಿ ಕೂತು ತಾಮ್ರದ ಪಾತ್ರೆಗಳ ಒಳಮೈಗೆ ತವರ ಬಳಿಯುತ್ತಿದ್ದರು. ಶಿರಹಟ್ಟಿ, ಮುಂಡರಗಿಯಿಂದಲೂ ಮದುವೆಮನೆಯ ಕೊಪ್ಪರಿಗೆಗಳು ಅವರಲ್ಲಿಗೇ ಬರುತ್ತಿದ್ದವು.

ನನಗೋ ಸಂದರ್ಶನದ ಚಿಂತೆ. ಸೂರ್ಯನೊಳಗೆ ನಡೆಯುವುದನ್ನು ಭೂಮಿಯ ಮೇಲೆ ನಡೆಸಲು ಹೊರಟ ಯಂತ್ರದ ಸಂಶೋಧನೆಗೆ ಅರ್ಜಿ ಹಾಕಿದ್ದೆ. ಒಮ್ಮೆ ಹೋಗಿ ಆಯ್ಕೆಯಾಗದೆ ವಾಪಸು ಬಂದವಳು. ಇದು ಕಡೆಯ ಅವಕಾಶ. ಮನೆಯಲ್ಲಿ ತಾಲೀಮು ಮಾಡಿದರೆ ಎಲ್ಲರೂ ಆಕಳಿಸುತ್ತಿದ್ದರು. ಹಾಗಾಗಿ ಪಾತ್ರೆ ತರಲು ಹೋದಾಗ ಚಾಚಾನ ಎದುರೇ ಶುರು ಮಾಡಿದೆ. ಯಂತ್ರದ ದೊಡ್ಡ ಪಾತ್ರೆಯೊಳಗೆ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲ, ಅಂದರೆ ಪ್ಲಾಸ್ಮಾ, ಗೋಡೆಗೆ ತಾಗಿದರೆ ಗೋಡೆಯ ಕೊಳೆ ಎದ್ದು ಬಂದು ಅದನ್ನೇ ತಣ್ಣಗಾಗಿಸುತ್ತದೆ; ಅದಕ್ಕೇ ಗೋಡೆಗೆ ತೆಳ್ಳಗೆ ಲಿಥಿಯಂ ಬಳಿಯುತ್ತಾರೆ, ಅದು ಕೊಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದೆ.

“ಎಷ್ಟ ದಿನಾ ಬಾಳಿಕಿ ಬರತೈತಿ?” ಎಂದರು.

ನಾನು ಹೆದರಿದ್ದೇ ಆ ಪ್ರಶ್ನೆಗೆ. “ಭಾಳ ದಿನಾ ಬರಂಗಿಲ್ರಿ ಚಾಚಾ. ಮತ್ತ ಮತ್ತ ಬಳೀಬೇಕು. ಅದನ್ನ ಸಂದರ್ಶನದಾಗ ಹೆಂಗ ಮುಚ್ಚಿಡ್ಲಿ ಅಂತ ನೋಡಾಕತ್ತೇನಿ.”

ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ಹುಚ್ಚಿ! ಮುಚ್ಚಿಡಾಕ ಅದೇನ ಕಳವಿನ ಮಾಲೇನ? ಕಲಾಯಿ ತಾ ಸವದು ಸಾರು ಕೆಡದಂಗ ಕಾಯ್ತೈತಿ. ಸವೆಯೋದ ಅದರ ಕೆಲಸ. ಖರೇನ ಹೇಳಿ ಬಾ. ಆದ್ರ ಮೊದಲ ಪಾತ್ರಿ ತಿಕ್ಕಿ, ಕಾಸಿ, ಆಮ್ಯಾಲ ಬಳೀಬೇಕು. ಹೊಲಸಿನ ಮ್ಯಾಲ ಬಳದ್ರ ನಿಂದರಂಗಿಲ್ಲ.”

ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂತು. ಸವೆಯುವುದೇ ಲೇಪದ ಕೆಲಸ, ಗೋಡೆಯನ್ನು ಮೊದಲು ಕಾಸಿ ಶುದ್ಧ ಮಾಡಬೇಕು ಎಂದು ಧೈರ್ಯವಾಗಿ ಹೇಳಿದೆ. ಯಾವ ಪುಸ್ತಕದಲ್ಲಿ ಓದಿದ್ದು ಎಂದು ಒಬ್ಬರು ಕೇಳಿದರು. ಬೇವಿನ ಮರದ ಕೆಳಗೆ ಎಂದೆ. ಎಲ್ಲರೂ ನಕ್ಕರು, ನಾನು ಆಯ್ಕೆಯಾದೆ.

ಪೇಢೆ ತಿನ್ನುತ್ತ ಚಾಚಾ ಹೇಳಿದರು: “ಒಂದ ಸಲಾ ಆ ಪಾತ್ರಿ ನನಗೂ ತೋರ್ಸವಾ. ನೆಟ್ಟಗ ಬಳದೀರೋ ಇಲ್ಲೋ ನೋಡ್ತೀನಿ.”

“ಆತ್ರಿ” ಎಂದೆ. ಆಮೇಲೆ ಕೆಲಸ, ಓಡಾಟ, ಮುಂದಿನ ವರ್ಷ, ಅದರ ಮುಂದಿನ ವರ್ಷ... ಕೊನೆಗೊಮ್ಮೆ ಚಾಚಾನ ಹೆಸರಿನಲ್ಲಿ ಪ್ರಯೋಗಾಲಯದ ಭೇಟಿಯ ಅರ್ಜಿ ತುಂಬಿ, ಅವರನ್ನು ಕಳಿಸಿಕೊಡಲು ಹೇಳೋಣವೆಂದು ಮನೆಗೆ ಫೋನ್ ಮಾಡಿದೆ. ಚಾಚಾ ತೀರಿಕೊಂಡು ಹತ್ತು ದಿನವಾಯಿತು ಎಂದಳು ಅವ್ವ. ನಾನು ತಡ ಮಾಡಿದೆ.

ಆ ಅರ್ಜಿ ನನ್ನ ಮೇಜಿನ ಡ್ರಾಯರಿನಲ್ಲೇ ಇದೆ. ಉದ್ಯೋಗ ಎಂಬಲ್ಲಿ ‘ಲೇಪನ ತಜ್ಞರು’ ಎಂದು ಬರೆದಿದ್ದೇನೆ. ಭೇಟಿಯ ಉದ್ದೇಶ ಎಂಬಲ್ಲಿ, ‘ನಮ್ಮ ಕೆಲಸದ ತಪಾಸಣೆ’.