ಪಕ್ಕದ ಮನೆಯಲ್ಲಿ ಉಕ್ಕಿದ ಹಾಲು

ನಿವೃತ್ತ ನರ್ಸ್ ಸುನಂದಾ ಕಮಲಾಪುರದ ಕೆಂಪು ಬಾಳೆಯ ತೋಟ ಮಾರಿ, ಕಲಬುರಗಿಯ ಕುಸನೂರಿನಾಚೆ ವಿಲ್ಲಾ ಕೊಂಡಿದ್ದು ಮನೆ ದಲ್ಲಾಳಿಯಾಗಿದ್ದ ತಮ್ಮ ಮೌನೇಶನ ಮಾತು ನಂಬಿ. "ನಿನ್ನ ಬಾಜೂ ಮನಿ ನಾನೇ ತಗೊಂಡೀನಿ ಅಕ್ಕಾ, ರೇಟ್ ದುಪ್ಪಟ್ಟು ಆಗ್ತದ" ಎಂದಿದ್ದ. ತಮ್ಮನೇ ಪಕ್ಕದಲ್ಲಿ ಇರುವಾಗ ಇನ್ನೇನು ವಿಚಾರಿಸುವುದು? ಅವಳ ಗೃಹಪ್ರವೇಶದ ದಿನವೇ ಅವನೂ ಪಕ್ಕದ ಮನೆಯಲ್ಲಿ ಹಾಲು ಉಕ್ಕಿಸಿದ. ಅದನ್ನು ಕಂಡು ಬೀಗರಲ್ಲಿ ಇನ್ನೂ ಮೂವರು ಅಲ್ಲೇ ಮನೆ ಕೊಂಡರು.

ಎರಡೇ ವರ್ಷದಲ್ಲಿ ಎಂಬತ್ತು ಲಕ್ಷದ ಮನೆಯನ್ನು ನಲವತ್ತೈದಕ್ಕೂ ಕೇಳುವವರಿಲ್ಲದಾಯಿತು. ಮೌನೇಶನ ಮನೆಯ ಬೀಗವಂತೂ ಆ ದಿನದ ನಂತರ ಒಮ್ಮೆಯೂ ತೆರೆಯಲಿಲ್ಲ.

ಮೊನ್ನೆ ಬಿಲ್ಡರ್ ಕಡೆಯ ಮ್ಯಾನೇಜರ್ ಗಿರಾಕಿಯನ್ನು ಕರೆತಂದು ಆ ಬೀಗ ತೆಗೆದ. ಸುನಂದಾ ಹಿಂದೆಯೇ ಒಳಗೆ ಹೋದಳು.

"ಇದು ನಮ್ಮ ಮೌನೇಶನ ಮನಿ ಅಲ್ಲೇನ್ರೀ?"

"ಇಲ್ರೀ ಅಮ್ಮಾ, ಇದು ಇನ್ನಾ ಮಾರಾಟನೇ ಆಗಿಲ್ಲ. ಅವತ್ತ ಹಾಲು ಉಕ್ಕಸಾಕ ಅವರು ಒಂದು ತಾಸು ಕೀಲಿ ಇಸ್ಕೊಂಡಿದ್ರು."

ಅಡುಗೆಕಟ್ಟೆಯ ಮೇಲೆ ಉಕ್ಕಿದ ಹಾಲಿನ ಕಲೆ ಒಣಗಿ ಹಾಗೇ ಉಳಿದಿತ್ತು. ಅವತ್ತು "ಹಾಲು ತರೋದು ಮರ್ತೀನಕ್ಕಾ" ಎಂದು ಬಂದು ನಿಂತವನಿಗೆ, ತನ್ನ ಪಾತ್ರೆಯಿಂದ ಅರ್ಧ ಸುರಿದು ಕೊಟ್ಟವಳು ಅವಳೇ.