ಮಾವನವರಿಗೆ ಬ್ರೆಡ್ಡು

ಬ್ರೆಡ್ಡು ಮಾಡುವುದನ್ನು ನಾನು ಶೋಕಿಗೆ ಕಲಿತವಳಲ್ಲ. ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ ಮುಗಿಸಿಕೊಂಡು ಮನೆಗೆ ಬಂದ ಮಾವನವರಿಗೆ ಬಾಯೆಲ್ಲ ಹುಣ್ಣು. ಅನ್ನ ಇಳಿಯದು, ಗಂಜಿ ಕಂಡರೆ ಓಕರಿಕೆ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಹೇಗೋ ಇಳಿಯುತ್ತಿತ್ತು. ಆದರೆ ಅಂಗಡಿಯ ಬ್ರೆಡ್ಡಿನಲ್ಲಿರುವ ಚೂರು ಉಪ್ಪಿಗೂ ಬಾಯಿ ಉರಿದು ಕಣ್ಣಲ್ಲಿ ನೀರು ಬರುತ್ತಿತ್ತು. ತೂಕ ಹೀಗೇ ಇಳಿಯುತ್ತಿದ್ದರೆ ಮೂಗಿನಿಂದ ಟ್ಯೂಬ್ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. "ಅದೊಂದು ಬೇಡಮ್ಮ," ಎಂದು ಮಾವ ನನ್ನ ಕೈ ಹಿಡಿದುಕೊಂಡಿದ್ದರು. ಸರಿ, ಉಪ್ಪಿಲ್ಲದ ಬ್ರೆಡ್ಡನ್ನು ನಾನೇ ಮಾಡುತ್ತೇನೆ ಎಂದು ಹೊರಟೆ.

ಮೈಸೂರಿನ ಕಡೆಯವಳು ನಾನು. ಇಡ್ಲಿ ಹಿಟ್ಟು ಉಬ್ಬಿಸಿ ಗೊತ್ತು, ಮೈದಾ ಉಬ್ಬಿಸಿ ಗೊತ್ತಿಲ್ಲ. ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹಾಲ್‌ನಿಂದಲೇ ಮಾತಾಡಬೇಕು. ಮಗಳು ಅಲ್ಲಿಂದಲೇ ಮೊಬೈಲಿನಲ್ಲಿ ವಿಡಿಯೋ ನೋಡಿ ಹೇಳುತ್ತಿದ್ದಳು. ಉಗುರುಬೆಚ್ಚಗಿನ ಹಾಲಿಗೆ ಯೀಸ್ಟ್, ಚೂರು ಸಕ್ಕರೆ. ನಾದು, ಇನ್ನೂ ನಾದು. ನಾದಿದ ಹಿಟ್ಟನ್ನು ಕೇಕಿನ ದುಂಡನೆಯ ಡಬ್ಬಿಯಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಅದು ಉಬ್ಬುವುದರೊಳಗೆ ತರಕಾರಿ ತರೋಣವೆಂದು ಕೆಳಗಿಳಿಯುತ್ತಿದ್ದೆ. ವಾಪಸು ಬಂದು ನೋಡಿದರೆ ಹಿಟ್ಟು ಕುಸಿದು ಮೇಲೆಲ್ಲ ಗುಳಿ ಗುಳಿ. ಬೇಯಿಸಿದರೆ ಇಟ್ಟಿಗೆ.

"ಅಮ್ಮಾ, ಯೀಸ್ಟ್ ಮರ್ ಗಯಾ ಲಗ್ತಾ ಹೈ," ಎಂದಳು ಮಗಳು.

"ನಿನ್ನ ತಲೆ! ಯೀಸ್ಟ್ ಹೇಗೆ ಸಾಯತ್ತೆ? ಈಗ ತಾನೆ ಪ್ಯಾಕೆಟ್ ಒಡೆದಿದ್ದು," ಎಂದು ರೇಗಿದೆ. ಆದರೂ ಬೇರೆ ಯೀಸ್ಟ್ ತಂದೆ. ಹಾಲು ಬಿಸಿ ಹೆಚ್ಚಾಯಿತೇನೋ ಎಂದುಕೊಂಡೆ, ಮುಂಬಯಿಯ ಮಳೆಗಾಲದ ತೇವವನ್ನು ಬಾಯಿಗೆ ಬಂದಂತೆ ಬೈದೆ. ಪ್ರತಿ ಸಲವೂ ಅದೇ ಹಾಡು. ಮಾವನವರು ಆ ಇಟ್ಟಿಗೆಯೊಳಗೆ ಮೆತ್ತಗಿರುವುದನ್ನು ಹುಡುಕಿ ಕಿತ್ತು ಬಾಯಲ್ಲಿಟ್ಟುಕೊಳ್ಳುತ್ತಿದ್ದರು. ನುಂಗಲಾರದೆ, ಉಗಿಯಲು ಸಂಕೋಚಪಟ್ಟು ನನ್ನ ಮುಖ ನೋಡುತ್ತಿದ್ದರು. ಬನಿಯನ್ನಿನ ಕೆಳಗೆ ಭುಜದ ಮೂಳೆ ಎದ್ದು ಕಾಣುತ್ತಿತ್ತು.

ಒಂದು ದಿನ ನಾನು ಹೊರಡುವುದು ತಡವಾಗಿ, ಹಿಟ್ಟು ಆಗಲೇ ಉಬ್ಬಿತ್ತು. ಲಿಫ್ಟಿನವರೆಗೆ ಹೋದವಳು ಕೊಡೆ ಮರೆತೆನೆಂದು ಹಿಂದಿರುಗಿದೆ. ಅಡುಗೆಮನೆಯಲ್ಲಿ ಅತ್ತೆ ನಿಂತಿದ್ದರು. ಒದ್ದೆ ಬಟ್ಟೆ ಸರಿಸಿ, ಉಬ್ಬಿದ ಹಿಟ್ಟಿನೊಳಕ್ಕೆ ಬೆರಳುಗಳನ್ನು ಒತ್ತಿ ತೆಗೆಯುತ್ತಿದ್ದರು, ಮತ್ತೆ ಒತ್ತುತ್ತಿದ್ದರು.

"ಅಮ್ಮಾ! ಏನ್ ಮಾಡ್ತಿದ್ದೀರ?"

ಅತ್ತೆ ಬೆಚ್ಚಿಬಿದ್ದರು. "ನೀನು ಹಾಗೇ ಬಿಟ್ಟು ಹೋಗ್ತೀಯಲ್ಲೇ. ದುಂಡಗೆ, ಬೆಳ್ಳಗೆ... ಒತ್ತಿದ್ರೂ ಮತ್ತೆ ಎದ್ದು ಬರತ್ತೆ," ಎಂದರು.

ನನಗೆ ಆಗ ಹೊಳೆಯಿತು. ಚಪಾತಿ ಹಿಟ್ಟು ಕಲಸಿದಾಗಲೂ ಅವರು ಉಂಡೆಯ ಮೇಲೆ ಬೆರಳೊತ್ತಿ ಗುರುತು ಮಾಡಿಯೇ ಮುಚ್ಚಿಡುತ್ತಿದ್ದರು. ನುಣ್ಣಗೆ ಬಿಟ್ಟರೆ ಅದು ಸತ್ತವರಿಗೆ ಇಡುವ ಪಿಂಡದ ಹಾಗೆ, ಮನೆಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಮದುವೆಯಾದಾಗಿನಿಂದ ನಾನೂ ಯೋಚಿಸದೆ ಒತ್ತುತ್ತಲೇ ಬಂದಿದ್ದೇನೆ. ಚಪಾತಿಗೆ ಅದರಿಂದ ಏನೂ ಆಗುವುದಿಲ್ಲ. ಬ್ರೆಡ್ಡಿನ ಹಿಟ್ಟು ಮಾತ್ರ ಉಬ್ಬಿದ ಮೇಲೆ ಹಾಗೆ ತಿವಿಸಿಕೊಂಡರೆ ಮುಗಿಯಿತು.

"ಅವ್ರಿಗೆ ತಿನ್ನಕ್ಕೆ ಇರೋದೇ ಇದೊಂದು ಅಂತ ಗೊತ್ತಿಲ್ವಾ ನಿಮಗೆ? ನಂಗೆ ಹೇಳ್ಬಾರ್ದಿತ್ತಾ?" ಎಂದು ಕೂಗಾಡಿದೆ.

"ಏನಂತ ಹೇಳ್ಲಿ?" ಅತ್ತೆ ದನಿ ತಗ್ಗಿಸಿ ಕೋಣೆಯ ಕಡೆ ನೋಡಿದರು. "ಆ ಹೆಸರನ್ನ, ಅವ್ರು ಅಲ್ಲಿ ಮಲಗಿರೋವಾಗ, ಬಾಯ್ಬಿಟ್ಟು ಆಡ್ಲಾ?"

ನಾನು ಕುಸಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಎಳೆದು ಮುಚ್ಚಿದೆ.

ಮಾರನೆಯ ದಿನ ಅವರೇ ಬಂದು, "ಇವತ್ತು ಕಲಸು. ನಾನು ಒಳಗೆ ಕಾಲಿಡಲ್ಲ," ಎಂದರು. ಹಾಲ್‌ನ ದಿವಾನದ ಮೇಲೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತರು. ನಾನೂ ತರಕಾರಿಗೆ ಹೋಗಲಿಲ್ಲ, ಅವರ ಪಕ್ಕದಲ್ಲೇ ಕೂತೆ. ಹಿಟ್ಟು ಡಬ್ಬಿಯ ಅಂಚು ಮೀರಿ ಎದ್ದಿತು. ಬೆಂದ ಬ್ರೆಡ್ಡನ್ನು ಹರಿದರೆ ಹತ್ತಿಯಂತೆ ಬಿಡಿಸಿಕೊಂಡು ಬಂತು. ಅಯ್ಯೋ, ನನಗಾದ ಖುಷಿಯೇ! ಹಾಲಿನಲ್ಲಿ ನೆನೆಸಿಕೊಂಡು ಮಾವನವರ ಹತ್ತಿರ ಓಡಿದೆ.

ಮೊದಲ ಚಮಚವೇ ಇಳಿಯಲಿಲ್ಲ. ಕೆಮ್ಮು ಬಂದು ಹಾಲೆಲ್ಲ ಮೂಗಿಗೇರಿತು. ಇನ್ನೂ ಚಿಕ್ಕ ತುಣುಕು ಕೊಟ್ಟೆ, ಅದೂ ಇಲ್ಲ. ಅವರು ಉಸಿರು ಸುಧಾರಿಸಿಕೊಂಡು, "ಚೆನ್ನಾಗಿದೆಯಮ್ಮ. ನಂಗೇ ಆಗ್ತಿಲ್ಲ," ಎಂದು ಕಣ್ಣು ಮುಚ್ಚಿದರು. ಆ ವಾರವೇ ಆಸ್ಪತ್ರೆಗೆ ಸೇರಿಸಿ ಟ್ಯೂಬ್ ಹಾಕಿಸಿದೆವು. ಬೇಡವೆನ್ನುವಷ್ಟು ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ.

ನನ್ನ ಗಂಡನನ್ನು ಅಲ್ಲಿ ಬಿಟ್ಟು ನಾನೂ ಅತ್ತೆಯೂ ಟ್ಯಾಕ್ಸಿಯಲ್ಲಿ ಮನೆಗೆ ಹೊರಟೆವು. ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು: "ನಾನು ಒತ್ತದೇ ಇದ್ದಿದ್ರೆ ಮುಂಚೇನೇ ತಿಂದಿರೋರು, ಅಲ್ವೇನೇ?"

"ಇಲ್ಲಮ್ಮ, ಹಾಗೇನಿಲ್ಲ," ಎಂದೆ. ಯೋಚಿಸುವ ಮೊದಲೇ, ಜೋರಾಗಿಯೇ ಎಂದೆ. ಅವರು ತಿರುಗಿ ನನ್ನ ಮುಖ ನೋಡಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.