ಬೆಣ್ಣೆಗಾಲಿನವನೂ ಅಕ್ಕನ ಮನೆಯ ಬಿಳಿ ಗೋಡೆಯೂ

ವಾಹನ ಪರೀಕ್ಷಾ ಕೇಂದ್ರದಲ್ಲಿ ಅವನಿಗೆ ಬೆಣ್ಣೆಗಾಲು ಎಂದೇ ಹೆಸರು. ಅಪ್ಪ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣಿಸುತ್ತಿರಲಿಲ್ಲ. ಕೆಲಸವೇನು ಅಂತೀರಾ? ಕಾರು ಓಡಿಸುವುದು, ಆದರೆ ಕಾರು ಇದ್ದಲ್ಲೇ ಇರಬೇಕು! ಚಕ್ರಗಳು ರೋಲರುಗಳ ಮೇಲೆ ಗಿರಗಿರ ತಿರುಗುತ್ತವೆ. ಎದುರಿನ ಪರದೆಯಲ್ಲಿ ಒಂದು ಗೆರೆ ಏರಿ ಇಳಿಯುತ್ತದೆ. ಅದಕ್ಕೆ ತಕ್ಕಂತೆ ಇವನು ಬೆಣ್ಣೆ ಮುಟ್ಟಿದಷ್ಟು ಮೆತ್ತಗೆ ಆಕ್ಸಿಲರೇಟರ್ ಒತ್ತಬೇಕು, ಬಿಡಬೇಕು. ಹಿಂದಿನಿಂದ ಬರುವ ಹೊಗೆಯನ್ನು ಯಂತ್ರ ಅಳೆಯುತ್ತದೆ. ಎಸಿ ಹಾಕುವಂತಿಲ್ಲ, ದೀಪ ಹಾಕುವಂತಿಲ್ಲ. ಏರಿಲ್ಲ, ತಿರುವಿಲ್ಲ. ವೇಗವೋ, ಸೈಕಲ್ಲಿನವನೂ ಹಿಂದೆ ಹಾಕಿ ಹೋಗುವಷ್ಟು. ಅಂಥ ರಸ್ತೆ ಭೂಮಿಯ ಮೇಲೆ ಎಲ್ಲಿದೆಯೋ, ನಿಯಮ ಬರೆದ ಪುಣ್ಯಾತ್ಮರೇ ಹೇಳಬೇಕು.

ಮನೆಯವರನ್ನು ಕೂರಿಸಿಕೊಂಡು ಹೊರಟರೂ ಅದೇ ಗತಿ. "ಇಳಿಸಿಬಿಡಿ, ನಡ್ಕೊಂಡೇ ಹೋಗ್ತೀನಿ, ಬೇಗ ತಲುಪ್ತೀನಿ," ಎಂದು ಹೆಂಡತಿ ರೇಗುತ್ತಿದ್ದಳು.

ಒಮ್ಮೆ ಹೊಸ ಡೀಸೆಲ್ ಕಾರೊಂದು ಪರೀಕ್ಷೆಗೆ ಬಂತು. ಇವನ ಕೈಯಲ್ಲಿ ಅದು ಹೊಗೆ ಕಾರಿದ್ದು ಇಷ್ಟೇ ಇಷ್ಟು. "ಎಲ್ಲಾ ನಿನ್ನ ಕಾಲಿನ ಮಹಿಮೆ ಕಣಯ್ಯಾ," ಎಂದು ಮ್ಯಾನೇಜರು ಬೆನ್ನು ತಟ್ಟಿದರು. ಅವತ್ತೇ ಅಕ್ಕನಿಗೆ ಫೋನು: "ಕಣ್ಣು ಮುಚ್ಚಿ ಆ ಕಾರು ತಗೋ ಅಕ್ಕ, ನಾನು ಹೇಳ್ತಿದ್ದೀನಲ್ಲ!" ಅಮ್ಮ ಹೋದ ಮೇಲೆ ಅವನನ್ನು ಸಾಕಿ ಬೆಳೆಸಿದವಳು ಅಕ್ಕನೇ. ಎರಡನೇ ಮಾತಿಲ್ಲದೆ ತಗೊಂಡಳು.

ಆಮೇಲೆ ಪ್ರತಿ ಭಾನುವಾರ ಅಕ್ಕನ ಮನೆಗೆ ಹೋದಾಗಲೂ, ನಿಲ್ಲಿಸಿದ ಕಾರಿನ ಹಿಂದೆ ಹೊಗೆ ಬಡಿಯುವ ಬಿಳಿ ಗೋಡೆ ತೋರಿಸಿ ಜಂಬ. "ನೋಡಿ ಭಾವ, ಒಂದು ಕಲೆ ಇದೆಯಾ?" ಭಾವ ಪಾಪ, ಸುಮ್ಮನೆ ತಲೆಯಾಡಿಸುತ್ತಿದ್ದರು. ಒಂದು ಸಲ ಇವನು ಆ ಗೋಡೆಗೆ ಒರಗಿದಾಗ ಅಂಗಿಗೆಲ್ಲ ಸುಣ್ಣ ಮೆತ್ತಿತು. ಕೊಡವಿಕೊಂಡು ಊಟಕ್ಕೆ ಕೂತ.

ಹೀಗಿರುವಾಗ ಒಂದು ದಿನ ಟಿವಿಯಲ್ಲಿ ಸುದ್ದಿ ಬಂತು. ಆ ಕಾರಿನೊಳಗೊಂದು ಕಳ್ಳ ಪ್ರೋಗ್ರಾಂ ಇತ್ತಂತೆ. ಚಕ್ರ ತಿರುಗುತ್ತಿದೆ, ಸ್ಟೇರಿಂಗ್ ಮಾತ್ರ ಅಲುಗುತ್ತಿಲ್ಲ ಎಂದರೆ ಇದು ಪರೀಕ್ಷೆ ಎಂದು ಅದಕ್ಕೆ ಗೊತ್ತಾಗಿ, ಸಾಧು ಹಸುವಿನಂತೆ ಹೊಗೆ ಹಿಡಿದಿಟ್ಟುಕೊಳ್ಳುತ್ತಿತ್ತು. ರಸ್ತೆಗಿಳಿದರೆ ಬಿಟ್ಟಿದ್ದೇ ಬಿಟ್ಟಿದ್ದು.

ಕಾಲಿನ ಮಹಿಮೆ ಮಣ್ಣುಪಾಲಾಯಿತು. ವಿಚಾರಣೆಯವರು ಚಾಲಕರ ತಪ್ಪೇನೂ ಇಲ್ಲ ಎಂದರು, ಕೆಲಸ ಉಳಿಯಿತು. ಆದರೆ ಅಕ್ಕ ಏನೆಂದುಕೊಂಡಳೋ? ಗೊತ್ತಿದ್ದೂ ತನ್ನ ತಲೆಗೆ ಕಟ್ಟಿದ ಅಂದುಕೊಂಡರೆ? ಅವನು ಅಕ್ಕನ ಮನೆಯತ್ತ ತಲೆ ಹಾಕಲಿಲ್ಲ, ಫೋನು ಬಂದರೂ ಎತ್ತಲಿಲ್ಲ.

ಕೊನೆಗೊಂದು ಭಾನುವಾರ ಬಾಗಿಲಲ್ಲಿ ಅದೇ ಕಾರಿನ ಹಾರನ್ನು. ಇವನು ಬಚ್ಚಲು ಸೇರಿ ಚಿಲಕ ಹಾಕಿಕೊಂಡ.

"ಹೊರಗೆ ಬಾರೋ, ಕೋತಿ!" ಅಕ್ಕ ಬಾಗಿಲು ಬಡಿದಳು.

"ಅಕ್ಕ, ದೇವರಾಣೆ ನಂಗೆ ಗೊತ್ತಿರ್ಲಿಲ್ಲ," ಎಂದ ಒಳಗಿಂದಲೇ.

"ಗೊತ್ತಿದ್ರೆ ನಿನ್ನ ಹೊಟ್ಟೇಲಿ ನಿಲ್ತಿತ್ತೇನೋ? ಚಿಕ್ಕೋರಿದ್ದಾಗ ನಾನು ಅಪ್ಪನ ಕನ್ನಡಕ ಒಡೆದಿದ್ದನ್ನ, ಅವರು ಮನೆಗೆ ಬಂದು ಚಪ್ಪಲಿ ಬಿಡೋ ಮುಂಚೆ ಓಡಿ ಹೋಗಿ ಹೇಳಿದವನು ನೀನು!"

ಚಿಲಕ ತೆಗೆದ. ಮೂಗು ಒರೆಸಿಕೊಂಡು ಕೇಳಿದ: "ಹಾಗಾದ್ರೆ ಆ ಗೋಡೆ ಅಷ್ಟು ಬೆಳ್ಳಗೆ ಹೇಗಿತ್ತು?"

ಅಕ್ಕ ನಕ್ಕಳು. "ಮೊದಲನೇ ತಿಂಗಳಲ್ಲೇ ಮಸಿ ಹಿಡಿದಿತ್ತು ಕಣೋ. ನೋಡಿದ್ರೆ ನಿನ್ನ ಮುಖ ಬಾಡತ್ತೆ ಅಂತ, ನೀನು ಬರೋ ಹಿಂದಿನ ದಿನ ನಿಮ್ಮ ಭಾವ ಕೂತು ಸುಣ್ಣ ಬಳೀತಿದ್ರು. ನೀನು ಬರೋದು ನಿಲ್ಲಿಸಿದ್ದಕ್ಕೆ ಅವರ ಸೊಂಟಕ್ಕೆ ಸ್ವಲ್ಪ ಆರಾಮ."

ಅವನಿಗೆ ನಗು ಬಂತು, ನಗುತ್ತಲೇ ಅತ್ತುಬಿಟ್ಟ.

ಕಂಪನಿಯವರು ಕಾರನ್ನು ರಿಪೇರಿ ಮಾಡಿಕೊಟ್ಟರು. ನಿಯಮವೂ ಬದಲಾಯಿತು; ಈಗ ಅಳತೆಯ ಪೆಟ್ಟಿಗೆಯನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು, ಏರು, ತಿರುವು, ಟ್ರಾಫಿಕ್ ಇರುವ ನಿಜವಾದ ರಸ್ತೆಯಲ್ಲೇ ಓಡಿಸಬೇಕು. ಬೆಣ್ಣೆಗಾಲು ಧೈರ್ಯವಾಗಿ ಆಕ್ಸಿಲರೇಟರ್ ತುಳಿಯುವುದನ್ನು ಕಲಿತ. "ನಿಧಾನ ರೀ!" ಎಂದು ಈಗ ಹೆಂಡತಿ ಕೂಗುತ್ತಾಳೆ.

ಅಕ್ಕನ ಮನೆಯ ಆ ಗೋಡೆಗೆ ಈ ಸಲ ಅವನೇ ಸುಣ್ಣ ಬಳಿದ. ಕೆಲವು ತಿಂಗಳು ಕಳೆದ ಮೇಲೆ, ಹೇಳದೆ ಕೇಳದೆ ಒಂದು ಬುಧವಾರ ಅಲ್ಲಿಗೆ ಹೋದ. ಯಾರನ್ನೂ ಕರೆಯದೆ ಸೀದಾ ಕಾರಿನ ಹಿಂದೆ ನಡೆದು, ಗೋಡೆಯ ಮೇಲೆ ಬೆರಳೆಳೆದು ನೋಡಿಕೊಂಡ. ಬೆರಳಿಗೆ ಮಸಿಯೂ ಹತ್ತಲಿಲ್ಲ, ಹೊಸ ಸುಣ್ಣವೂ ಹತ್ತಲಿಲ್ಲ.

"ಭಾವ, ಊಟ ಆಯ್ತಾ?" ಎಂದು ಕೂಗುತ್ತಾ ಒಳಗೆ ಹೋದ.